ಗಗನಸಖಿಯ ಪಾಠ

ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಪಾಠ ಹೇಳಿದ ನಮಗೆ, ತರಗತಿಯಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುವ ಹುಡುಗನಷ್ಟು ಕೋಪ ಬರಿಸುವ ಪ್ರಾಣಿಯು ಜಗತ್ತಿನಲ್ಲಿ ಮತ್ತೊಂದಿರಲಿಲ್ಲ. ಅಂತಹ ನಾವೇ ಈ ಅರವತ್ತರ ಸಮೀಪದಲ್ಲಿ ಒಂದು ತರಗತಿಯಲ್ಲಿ ಕುಳಿತು ಕಿಟಕಿಯ ಹೊರಗೆ ನೋಡಿದೆವು. ಪಾಠ ಹೇಳುತ್ತಿದ್ದವರ ಕಡೆಗೆ ಒಮ್ಮೆಯಾದರೂ ಕಣ್ಣು ಹೊರಳಿಸಲಿಲ್ಲ. ಅದರ ಫಲವನ್ನು ಮೂರು ಗಂಟೆಯೊಳಗಾಗಿ ಉಂಡೆವು. ಆ ಕಥೆಯನ್ನು ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲ. ಈ ತಿಂಗಳು ಹೇಳಿಬಿಡುವುದೇ ಒಳ್ಳೆಯದೆಂದು ತೋರುತ್ತದೆ. ಏಕೆಂದರೆ ಅದನ್ನು ನಮ್ಮ ಬಾಯಿಂದ ಹೊರಡಿಸಿದ ವ್ಯಕ್ತಿಯೊಬ್ಬಳು ಕಳೆದ ತಿಂಗಳು ಹುಣಸೂರಿನ ನಮ್ಮ ಮನೆಗೆ ಬಂದಿದ್ದಳು.

ಸಾಯಂಕಾಲ ಜಗಲಿಯ ಮೇಲೆ ಕುಳಿತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ನಮಸ್ಕರಿಸಿ, "ಮೇಷ್ಟ್ರೇ, ಗುರುತು ಸಿಕ್ಕಿತೆ?" ಎಂದಳು. ಮುಖವನ್ನು ನೋಡಿ ತಿಳಿಯಲಿಲ್ಲ, ಧ್ವನಿಯಿಂದ ತಿಳಿಯಿತು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೇಸಾಯಗಾರರ ಮಗಳು; ಶಬ್ದರೂಪಗಳನ್ನು ತಡವರಿಸದೆ ಒಪ್ಪಿಸುತ್ತಿದ್ದವಳು. ಈಗ ಒಂದು ವಿಮಾನ ಸಂಸ್ಥೆಯಲ್ಲಿ ಗಗನಸಖಿಯಾಗಿದ್ದಾಳೆ. ರಜೆಯಲ್ಲಿ ಊರಿಗೆ ಬಂದವಳು ಹಳೆಯ ಮೇಷ್ಟರನ್ನು ನೆನೆದು ಬಂದಿದ್ದಳು.

ಕಾಫಿಯಾದ ಮೇಲೆ ಆಕೆಯೇ ನಗುತ್ತ, "ಮೇಷ್ಟ್ರೇ, ಗಗನಸಖಿ ಎಂಬುದಕ್ಕೆ ವಿಗ್ರಹವಾಕ್ಯ ಹೇಳಿ" ಎಂದಳು.

"ಗಗನೇ ಸಖೀ, ಸಪ್ತಮೀ ತತ್ಪುರುಷ. ಆಕಾಶದಲ್ಲಿ ಗೆಳತಿ" ಎಂದೆವು.

"ನೀವು ಹಾಗೆ ಬಿಡಿಸುತ್ತೀರಿ. ನಮ್ಮ ಪ್ರಯಾಣಿಕರು ಆಕಾಶದಲ್ಲಿ ಕಾಫಿ ತರುವವಳು ಎಂದು ಬಿಡಿಸುತ್ತಾರೆ. ಅದು ಯಾವ ಸಮಾಸ?" ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಮುಂದೆ ಆಕೆ ಹೇಳಿದ ಕಥೆಗಳಿಗೆ ನಮ್ಮ ಮನೆಯವರೆಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಮ್ಮ ಜನರು ಬಸ್ಸಿನ ಅಭ್ಯಾಸವನ್ನು ವಿಮಾನದೊಳಕ್ಕೂ ಕೊಂಡೊಯ್ಯುತ್ತಾರಂತೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವಲನ್ನು ಎಸೆದು ಸೀಟು ಹಿಡಿಯುವುದನ್ನು ನಾವೆಲ್ಲರೂ ಬಲ್ಲೆವು. ವಿಮಾನದಲ್ಲಿ ಪ್ರತಿಯೊಬ್ಬರ ಸೀಟಿನ ಅಂಕೆಯೂ ಚೀಟಿಯ ಮೇಲೆಯೇ ಅಚ್ಚಾಗಿರುವುದು. ಆದಾಗ್ಯೂ ಒಬ್ಬ ಗೃಹಸ್ಥರು ಮೊದಲು ಹತ್ತಿ, ಮುಂದಿನ ಸಾಲಿನ ಮೂರು ಸೀಟುಗಳ ಮೇಲೆ ಟವಲು, ಪತ್ರಿಕೆ, ಚಾಳೀಸಿನ ಡಬ್ಬಿ ಇವನ್ನಿಟ್ಟು, "ನಮ್ಮವರು ಹಿಂದೆ ಬರುತ್ತಿದ್ದಾರೆ" ಎಂದು ಕಾವಲು ಕುಳಿತಿದ್ದರಂತೆ. ಅವರ ಸ್ವಂತ ಸೀಟು ಇಪ್ಪತ್ತಾರನೆಯ ಸಾಲಿನಲ್ಲಿತ್ತು. ಇನ್ನೊಬ್ಬರು ದೀಪದ ಗುಂಡಿಯೆಂದು ತಿಳಿದು ಕರೆಗಂಟೆಯ ಗುಂಡಿಯನ್ನು ಒತ್ತುತ್ತಲೇ ಇದ್ದರು. ಪ್ರತಿ ಸಾರಿಯೂ ಈಕೆ ಓಡಿ ಬಂದು "ಏನು ಬೇಕು?" ಎನ್ನುವಳು; ಅವರು "ಏನೂ ಬೇಡ ತಾಯಿ, ನೀನೇಕೆ ಪದೇ ಪದೇ ಬರುತ್ತೀಯೆ?" ಎನ್ನುವರು. ಏಳನೆಯ ಸಾರಿ ಬಂದಾಗ ಪಕ್ಕದವರ ಕಡೆಗೆ ತಿರುಗಿ, "ಪಾಪ, ಹುಡುಗಿ ಬಹಳ ಉಪಚಾರದವಳು" ಎಂದರಂತೆ.

ಮತ್ತೊಬ್ಬರು ಬೆಂಗಳೂರಿನಿಂದ ಹೊರಟ ಅರ್ಧ ಗಂಟೆಗೆ, "ತಿಂಡಿಗೆ ಎಲ್ಲಿ ನಿಲ್ಲಿಸುತ್ತೀರಿ?" ಎಂದು ಕೇಳಿದರು. ಮೈಸೂರು ಬೆಂಗಳೂರುಗಳ ನಡುವೆ ಓಡಾಡುವವರಿಗೆ ಮದ್ದೂರಿನ ವಡೆಯಿಲ್ಲದೆ ಪ್ರಯಾಣವೇ ಪೂರ್ತಿಯಾಗುವುದಿಲ್ಲವಷ್ಟೆ! "ಇದು ನೇರವಾಗಿ ಹೋಗುವ ಗಾಡಿ ಸ್ವಾಮಿ, ನಡುವೆ ನಿಲುಗಡೆಯಿಲ್ಲ" ಎಂದು ಈಕೆಯೂ ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟಳಂತೆ.

ಇನ್ನು ಕೃಷ್ಣರಾಜನಗರದ ಕಡೆಯ ಒಬ್ಬ ಯಜಮಾನರ ಕೊಬ್ಬರಿಯ ಪ್ರಸಂಗ. ಉತ್ತರ ದೇಶದಲ್ಲಿರುವ ಮಗಳ ಸೀಮಂತಕ್ಕೆಂದು ಹನ್ನೆರಡು ಕೊಬ್ಬರಿ ಗಿಟುಕುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿದ್ದರು. ನಿಲ್ದಾಣದಲ್ಲಿ ಅವರನ್ನು ಕರೆದು, ಪೆಟ್ಟಿಗೆಯನ್ನು ತೆಗೆಸಿ, ಕೊಬ್ಬರಿಯನ್ನೆಲ್ಲ ಹೊರಗಿಡಿಸಿದರು. ವಿಮಾನದಲ್ಲಿ ಕುಳಿತ ಮೇಲೆಯೂ ಅವರ ಕೋಪ ಇಳಿದಿರಲಿಲ್ಲ. "ಮಂಗಳದ್ರವ್ಯವನ್ನು ಮದ್ದುಗುಂಡಿನ ಜೊತೆಗೆ ಸೇರಿಸಿದರಲ್ಲಮ್ಮ!" ಎಂದು ಈಕೆಯ ಮುಂದೆ ಹೇಳಿಕೊಂಡರು. ನಗು ಬರುವ ಮಾತಾದರೂ ಕಾರಣವುಂಟು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ; ರಾಶಿಯಾಗಿ ಮುಚ್ಚಿಟ್ಟರೆ ಒಳಗೊಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ವರ್ಗಕ್ಕೆ ಅದನ್ನು ವಿಮಾನಶಾಸ್ತ್ರದವರು ಸೇರಿಸಿದ್ದಾರೆ. ಆದುದರಿಂದ ಮಗಳ ಮನೆಗೆ ಹೊರಡುವ ತಾಯಂದಿರು ಕೊಬ್ಬರಿಯನ್ನು ಆ ಊರಿನಲ್ಲಿಯೇ ಕೊಂಡುಕೊಳ್ಳತಕ್ಕದ್ದು. ಬೆಂಕಿಪೊಟ್ಟಣವನ್ನು ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಇಡಕೂಡದು. ಮೊಬೈಲಿಗೆ ವಿದ್ಯುತ್ತನ್ನು ತುಂಬುವ ಪವರ್ ಬ್ಯಾಂಕನ್ನು ಮಾತ್ರ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಸಾಮಾನಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಕೂಡದು. ಅದಕ್ಕೆ ಬೆಂಕಿ ಹತ್ತಿದರೆ ಜನರ ನಡುವೆಯಾದರೆ ಆರಿಸಬಹುದು; ಕೆಳಗಿನ ಕೋಣೆಯಲ್ಲಾದರೆ ಕೈಯಿಕ್ಕುವವರು ಯಾರು? ಹೊರದೇಶಕ್ಕೆ ಹೋಗುವವರು ತುಪ್ಪ, ಎಣ್ಣೆ, ಉಪ್ಪಿನಕಾಯಿಗಳನ್ನು ಭದ್ರವಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೇ ಹಾಕಬೇಕು. ಕೈಚೀಲದಲ್ಲಿ ೧೦೦ ಮಿಲಿಲೀಟರಿಗೆ ಮೀರಿದ ದ್ರವದ ಸೀಸೆಯನ್ನು ಬಿಡುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಆಕೆ ವಿಶೇಷವಾಗಿ ಹೇಳಿದ ಮಾತು ಹೊತ್ತಿನದು. ಬೆಂಗಳೂರಿನ ವಿಮಾನ ನಿಲ್ದಾಣವು ೨೦೦೮ರಿಂದ ದೇವನಹಳ್ಳಿಯ ಬಳಿಯಲ್ಲಿದೆ. ಹುಣಸೂರಿನಿಂದ ಅಲ್ಲಿಗೆ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಪಿರಿಯಾಪಟ್ಟಣದವರಿಗೂ ಹೆಗ್ಗಡದೇವನಕೋಟೆಯ ಕಾಡಂಚಿನವರಿಗೂ ಇನ್ನೂ ಹೆಚ್ಚು. ೨೦೨೩ರಲ್ಲಿ ಹೆದ್ದಾರಿ ತೆರೆದ ಮೇಲೆ ಮೈಸೂರಿನಿಂದ ಬೆಂಗಳೂರಿನ ಅಂಚಿಗೆ ಬೇಗನೆ ತಲುಪಬಹುದು. ಆದರೆ ಬೆಂಗಳೂರನ್ನು ದಾಟುವುದು ಸಮುದ್ರಲಂಘನದಷ್ಟೇ ಕಷ್ಟ. ಒಳದೇಶದ ಪ್ರಯಾಣಕ್ಕೆ ಎರಡು ಗಂಟೆ ಮೊದಲು, ಹೊರದೇಶಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಬೆಳಗ್ಗೆ ಹತ್ತಕ್ಕೆ ವಿಮಾನವಿದ್ದರೆ ಹುಣಸೂರಿನವರು ರಾತ್ರಿ ಎರಡಕ್ಕೆ ಮನೆ ಬಿಡತಕ್ಕದ್ದು. ಬಸ್ಸಿನ ನಿರ್ವಾಹಕನು ಓಡಿಬರುವವನನ್ನು ಕಂಡು ಸೀಟಿ ಊದಿ ನಿಲ್ಲಿಸಿಯಾನು. ವಿಮಾನದ ಬಾಗಿಲು ಮುಚ್ಚಿದ ಮೇಲೆ ಯಾರ ಮೊರೆಯನ್ನೂ ಕೇಳುವುದಿಲ್ಲ.

ನಮ್ಮ ಮನೆಯವರಿಗೆ ಕಿವಿಯ ಭಯ. ಅದಕ್ಕೆ ಆಕೆ, "ಅಮ್ಮಾವ್ರೇ, ಪಿರಿಯಾಪಟ್ಟಣದಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗುವಾಗ ಕಿವಿ ಕಟ್ಟಿಕೊಳ್ಳುವುದಿಲ್ಲವೆ? ಇದೂ ಅದೇ" ಎಂದಳು. ವಿಮಾನವು ಮೂವತ್ತು ಮೂವತ್ತೈದು ಸಾವಿರ ಅಡಿಗಳ ಮೇಲೆ ಹಾರುತ್ತಿದ್ದರೂ, ಒಳಗಿನ ಗಾಳಿಯ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಎಂದರೆ ಹೆಚ್ಚೆಂದರೆ ಮಡಿಕೇರಿಗಿಂತ ಇಮ್ಮಡಿ ಎತ್ತರ. ಇಳಿಯುವಾಗ ಉಗುಳು ನುಂಗುತ್ತಿದ್ದರೆ, ಇಲ್ಲವೆ ಏನನ್ನಾದರೂ ಅಗಿಯುತ್ತಿದ್ದರೆ, ಕಿವಿ ಬಿಟ್ಟುಕೊಳ್ಳುವುದು. ಎಳೆಯ ಕೂಸಿಗೆ ಆಗ ಹಾಲೂಡಿಸಬೇಕು. ಮೊದಲೇ ಹಾಲು ಕೊಟ್ಟು ಮಲಗಿಸಿಬಿಟ್ಟರೆ, ಇಳಿಯುವ ಹೊತ್ತಿಗೆ ಕಿವಿನೋವಿನಿಂದ ಅದು ಅಳುವ ಅಳುವಿಗೆ ವಿಮಾನದವರೆಲ್ಲರೂ ಪಾಲುದಾರರಾಗಬೇಕಾಗುವುದು.

ನೀರು ಕುಡಿಯುವ ವಿಷಯವನ್ನು ಆಕೆ ತನ್ನ ತಂದೆಯ ಕಸುಬಿನಿಂದಲೇ ತಿಳಿಸಿದಳು. ಬ್ಯಾರನ್ನಿನಲ್ಲಿ ಹೊಗೆಸೊಪ್ಪನ್ನು ತೂಗುಹಾಕಿ ಒಣಗಾಳಿಯನ್ನು ಹಾಯಿಸಿದರೆ ಎಲೆಯಲ್ಲಿಯ ಪಸೆಯೆಲ್ಲ ಹೋಗುವುದನ್ನು ಹುಣಸೂರಿನ ಸೀಮೆಯವರು ಬಲ್ಲರು. ವಿಮಾನದೊಳಗಿನ ಗಾಳಿಯಲ್ಲಿಯೂ ತೇವ ಬಹಳ ಕಡಮೆ. "ಅಲ್ಲಿ ಶಾಖ ಒಂದಿಲ್ಲ ಅಷ್ಟೇ, ಮೂರು ಗಂಟೆ ಕುಳಿತರೆ ಮನುಷ್ಯನೂ ಸೊಪ್ಪಿನಂತೆ ಒಣಗುತ್ತಾನೆ. ಬಾಯಾರಿಕೆಗೆ ಕಾಯದೆ ನೀರು ಕೇಳಿ ಕುಡಿಯಬೇಕು" ಎಂದಳು.

ಈ 'ಕೇಳಿ' ಎಂಬ ಮಾತಿಗೆ ಬಂದಾಗ ಆಕೆಯ ಮುಖದಲ್ಲಿದ್ದ ನಗು ಮಾಯವಾಯಿತು. ಒಂದು ಸಾರಿ ಒಬ್ಬ ವೃದ್ಧರು ಮೂರು ಗಂಟೆಯ ಹಾದಿಯಲ್ಲಿ ನೀರನ್ನು ಮುಟ್ಟಲಿಲ್ಲ, ಎದ್ದು ಶೌಚಕ್ಕೂ ಹೋಗಲಿಲ್ಲ. ಇಳಿಯುವಾಗ ಕಾಲುಗಳು ಬಾತು ನಿಲ್ಲಲಾರದೆ ಹೋದರು. ಈಕೆ ಹಿಡಿದುಕೊಂಡು ವಿಚಾರಿಸಲಾಗಿ ಕನ್ನಡದವರೆಂದು ತಿಳಿಯಿತು. "ನೀರಿಗೆ ಎಷ್ಟು ದುಡ್ಡೋ ತಿಳಿಯಲಿಲ್ಲ ತಾಯಿ. ಆ ಸಣ್ಣ ಬಾಗಿಲನ್ನು ತೆಗೆಯುವುದು ಹೇಗೆಂದೂ ತಿಳಿಯಲಿಲ್ಲ. ಸುತ್ತ ಕುಳಿತವರೆಲ್ಲ ಓದಿದವರು, ಕೇಳಿದರೆ ನಕ್ಕಾರು ಎಂದು ಸುಮ್ಮನಿದ್ದೆ" ಎಂದರಂತೆ. ಕುಡಿಯುವ ನೀರಿಗೆ ಅಲ್ಲಿ ಯಾರೂ ದುಡ್ಡು ಕೇಳುತ್ತಿರಲಿಲ್ಲ.

"ಮೇಷ್ಟ್ರೇ, ಟವಲು ಹಾಸಿದವರು, ವಡೆ ಕೇಳಿದವರು, ಇವರಿಂದ ನಮಗೆ ತೊಂದರೆಯೇ ಇಲ್ಲ. ಕೇಳದೆ ಕೂರುವವರದೇ ನಮಗೆ ಭಯ. ಎಲ್ಲ ಬಲ್ಲವರಂತೆ ಕೂರುವವರು ಇನ್ನೂ ಕಷ್ಟ. ಹೊರಡುವ ಮೊದಲು ಮೂರು ನಿಮಿಷ ನಾವು ನಿಂತು ಪಾಠ ಹೇಳುತ್ತೇವಲ್ಲ, ಆಗ ನೂರೆಂಬತ್ತು ಜನರಲ್ಲಿ ಹತ್ತು ಜನರೂ ನೋಡುವುದಿಲ್ಲ" ಎಂದಳು.

ನಾವು ತಲೆ ತಗ್ಗಿಸಿದೆವು. ಇನ್ನು ನಮ್ಮ ಕಥೆಯನ್ನು ಮುಚ್ಚಿಡುವುದು ಧರ್ಮವಲ್ಲ.

ನಾವು ಪ್ರಥಮತಃ ವಿಮಾನವನ್ನು ಹತ್ತಿದ್ದು ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ. ಕಿಟಕಿಯ ಸೀಟು ಸಿಕ್ಕಿತ್ತು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಕಾಳಿದಾಸನು ಪುಷ್ಪಕದ ಮೇಲಿಂದ ಭೂಮಿಯನ್ನು ಕಾಣಿಸಿದ ಬಗೆಯನ್ನು ಎಷ್ಟೋ ವರ್ಷ ಪಾಠ ಹೇಳಿದ್ದ ನಮಗೆ, ಕವಿಯ ಕಣ್ಣು ಸರಿಯೇ ಎಂದು ಪರೀಕ್ಷಿಸುವ ಆತುರ. ಗಗನಸಖಿಯೊಬ್ಬಳು ನಿಂತು ಪಟ್ಟಿಯನ್ನೂ ಮುಖವಾಡವನ್ನೂ ತೋರಿಸುತ್ತಿದ್ದಳು. ಇದೆಲ್ಲ ಹಳ್ಳಿಯವರಿಗೆಂದು ಭಾವಿಸಿ ನಾವು ಹೊರಗೆ ನೋಡುತ್ತ ಕುಳಿತೆವು. ಪಟ್ಟಿಯನ್ನು ಪಕ್ಕದವರು ಕಟ್ಟಿದಂತೆ ಕಟ್ಟಿಕೊಂಡೆವು. ದೆಹಲಿ ಬಂದಿತು, ಎಲ್ಲರೂ ಎದ್ದರು, ನಮ್ಮ ಪಟ್ಟಿ ಬಿಚ್ಚಲೊಲ್ಲದು! ಕಾರಿನಲ್ಲಿರುವಂತೆ ಒತ್ತುವ ಗುಂಡಿಯನ್ನು ಹುಡುಕಿದೆವು, ಇರಲಿಲ್ಲ. ಎಳೆದೆವು, ಇನ್ನೂ ಬಿಗಿಯಿತು. ಕೇಳೋಣವೆಂದರೆ ಸಂಸ್ಕೃತ ಪಂಡಿತರೆಂಬ ಬಿಗುಮಾನವು ಆ ಪಟ್ಟಿಗಿಂತಲೂ ಬಿಗಿ. "ನೀವು ಮೊದಲು ದಯಮಾಡಿಸಿ" ಎಂದು ಎಲ್ಲರಿಗೂ ದಾರಿ ಬಿಡುತ್ತ, ಮಹಾ ಸೌಜನ್ಯವಂತರಂತೆ ಕುಳಿತೆವು. ವಿಮಾನ ಬರಿದಾಯಿತು. ಕೊನೆಗೆ ಆ ಹುಡುಗಿಯೇ ಬಂದು, ಒಂದು ಮಾತನ್ನೂ ಆಡದೆ, ಕೊಂಡಿಯ ಮೇಲಿನ ಮುಚ್ಚಳವನ್ನು ಬೆರಳಿನಿಂದ ಮೇಲಕ್ಕೆತ್ತಿದಳು, ಪಟ್ಟಿ ಕಳಚಿತು. ನಮ್ಮ ಮುಖವನ್ನು ನೋಡದೆ, ನಿಧಾನವಾಗಿ ಬರಬೇಕೆಂದು ಹೇಳಿ ಮುಂದೆ ಹೋದಳು. ಆಕೆಯು ನಮ್ಮ ಭಾಷೆಯವಳಲ್ಲ, ಮತ್ತೆಂದೂ ಕಂಡವಳಲ್ಲ. ಆದರೆ ಸಖಿ ಎಂಬ ಶಬ್ದದ ಅರ್ಥ ನಮಗೆ ಅಂದು ತಿಳಿಯಬೇಕಾಗಿತ್ತು.

ಇದನ್ನು ಕೇಳಿ ನಮ್ಮ ಶಿಷ್ಯೆ ನಗಲಿಲ್ಲ. "ಹಾಗೆ ಗುಂಡಿ ಹುಡುಕುವವರು ಬಹಳ ಜನ ಮೇಷ್ಟ್ರೇ. ವಿಮಾನ ಸುಖವಾಗಿ ನಿಂತಿದ್ದಾಗ ಅದು ನಗೆಯ ಮಾತು. ಹೊಗೆ ತುಂಬಿದಾಗ ಅಲ್ಲ" ಎಂದಳು.

ಆಕೆ ವಿವರಿಸಿದ ಮೇಲೆ ನಮಗೆ ತಿಳಿದದ್ದು ಇಷ್ಟು. ಅರ್ಧ ಬಾಗಿಲುಗಳು ಮಾತ್ರ ತೆರೆದಾಗಲೂ ತುಂಬಿದ ವಿಮಾನದವರೆಲ್ಲರೂ ೯೦ ಸೆಕೆಂಡುಗಳಲ್ಲಿ ಹೊರಬೀಳಲು ಸಾಧ್ಯವೆಂದು ತೋರಿಸಿದ ಮೇಲೆಯೇ ದೊಡ್ಡ ಪ್ರಯಾಣಿಕರ ವಿಮಾನದ ಮಾದರಿಗೆ ಒಪ್ಪಿಗೆ ಸಿಗುವುದು. ಐವತ್ತು ಸೀಟುಗಳಿಗೆ ಒಬ್ಬರಂತೆ ಗಗನಸಖಿಯರು ಇರುವುದು ಆ ಕೆಲಸಕ್ಕಾಗಿ; ಕಾಫಿಯು ಬಿಡುವಿನ ಕೆಲಸ. ೧೯೩೦ರಲ್ಲಿ ಅಮೆರಿಕದ ಎಲೆನ್ ಚರ್ಚ್ ಎಂಬಾಕೆ ಜಗತ್ತಿನ ಮೊದಲ ಗಗನಸಖಿಯಾಗಿ ವಿಮಾನವನ್ನು ಹತ್ತಿದಾಗ ಆಕೆಯೂ ರೋಗಿಗಳ ಶುಶ್ರೂಷೆಯಲ್ಲಿ ತರಬೇತಾದ ದಾದಿಯಾಗಿದ್ದಳು. ನಮ್ಮ ದೇಶದ ನೀರಜಾ ಭನೋಟ್ ೧೯೮೬ರ ಸೆಪ್ಟೆಂಬರ್ ೫ರಂದು ಕರಾಚಿಯಲ್ಲಿ ವಿಮಾನವನ್ನು ಅಪಹರಣಕಾರರು ಹೊಕ್ಕಾಗ ಪ್ರಯಾಣಿಕರನ್ನು ಉಳಿಸುತ್ತ ಪ್ರಾಣ ಬಿಟ್ಟಳು. ಇಪ್ಪತ್ತಮೂರು ತುಂಬಲು ಎರಡು ದಿನಗಳಿದ್ದುವು. ಆಕೆಗೆ ಅಶೋಕಚಕ್ರ ಸಂದಿತು.

ಪಾಠವನ್ನು ಕೇಳಿದ್ದರ ಫಲಕ್ಕೂ ಕೇಳದಿದ್ದುದರ ಫಲಕ್ಕೂ ನಿದರ್ಶನಗಳಿವೆ. ೨೦೨೪ರ ಜನವರಿ ೨ರಂದು ಟೋಕಿಯೊ ನಗರದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನಿನ ಒಂದು ವಿಮಾನವು ಇನ್ನೊಂದಕ್ಕೆ ಬಡಿದು ಹೊತ್ತಿಕೊಂಡಿತು. ಬಡಿಸಿಕೊಂಡ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ಆದರೆ ದೊಡ್ಡ ವಿಮಾನದಲ್ಲಿದ್ದ ೩೭೯ ಜನರೂ, ಸಾಮಾನುಗಳಿಗೆ ಕೈಹಾಕದೆ, ಸಖಿಯರು ತೋರಿಸಿದ ಬಾಗಿಲುಗಳಿಂದ ಜಾರಿ ಬದುಕಿದರು. ೧೯೯೬ರ ನವೆಂಬರಿನಲ್ಲಿ ಇಥಿಯೋಪಿಯಾದ ಅಪಹೃತ ವಿಮಾನವೊಂದು ಎಣ್ಣೆ ಮುಗಿದು ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಇಳಿದಾಗ, ತೇಲುವ ಅಂಗಿಯನ್ನು ಒಳಗೇ ಊದಿಸಿಕೊಂಡವರಲ್ಲಿ ಹಲವರು ಹೊರಬರಲಾರದೆ ಮುಳುಗಿದರು. ಬಾಗಿಲು ದಾಟಿದ ಮೇಲೆ ಊದಿಸಬೇಕೆಂಬುದೇ ಆ ಮೂರು ನಿಮಿಷಗಳ ಪಾಠದ ಒಂದು ವಾಕ್ಯ. ಪ್ರಾಣವಾಯುವಿನ ಮುಖವಾಡ ಮೇಲಿನಿಂದ ತೂಗಿಬಿದ್ದಾಗ ತಾಯಿಯು ಮೊದಲು ತಾನು ಹಾಕಿಕೊಂಡು ಬಳಿಕ ಮಗುವಿಗೆ ಹಾಕಬೇಕೆಂಬುದು ಇನ್ನೊಂದು ವಾಕ್ಯ. ನಮ್ಮ ತಾಯಂದಿರಿಗೆ ಇದು ಕಠಿನವಾಗಿ ತೋರೀತು. ಆದರೆ ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಹೋದರೆ ಒಂದು ನಿಮಿಷದೊಳಗೇ ಬುದ್ಧಿ ಮಂಕಾಗುವುದು. ತಾಯಿ ಒರಗಿದರೆ ಮಗುವಿಗೆ ಹಾಕುವವರು ಯಾರು? ಸೊಂಟದ ಪಟ್ಟಿಯನ್ನು, ದೀಪ ಆರಿದ ಮೇಲೆಯೂ, ಕುಳಿತಿರುವಷ್ಟು ಹೊತ್ತೂ ಕಟ್ಟಿಕೊಂಡೇ ಇರಬೇಕು. ೨೦೨೪ರ ಮೇ ತಿಂಗಳಿನಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ವಿಮಾನವು ಗಾಳಿಯ ಹೊಡೆತಕ್ಕೆ ಸಿಕ್ಕಿದಾಗ ಪಟ್ಟಿ ಕಟ್ಟದಿದ್ದವರು ಮಾಳಿಗೆಗೆ ಬಡಿದು ಗಾಯಗೊಂಡರು.

ಘೋಷಣೆಗಳು ಹೆಚ್ಚಾಗಿ ಹಿಂದಿ ಇಂಗ್ಲಿಷುಗಳಲ್ಲಿ ನಡೆಯುವುದರಿಂದ ತಿಳಿಯದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಮುಂದಿನ ಸೀಟಿನ ಜೇಬಿನಲ್ಲಿ ಚಿತ್ರಗಳ ಒಂದು ಹಲಗೆಯಿರುವುದು. ಅದನ್ನು ಓದಲು ಅಕ್ಷರವೇ ಬೇಡ. ತಮ್ಮ ಸೀಟಿನಿಂದ ಹತ್ತಿರದ ಬಾಗಿಲಿಗೆ ಎಷ್ಟು ಸಾಲುಗಳೆಂದು ಎಣಿಸಿಕೊಳ್ಳಬೇಕು. ಹಿಂದಿನ ಬಾಗಿಲೇ ಹತ್ತಿರವಾಗಿದ್ದೀತು. ಉಳಿದ ಸಂಶಯಕ್ಕೆ ಕರೆಗಂಟೆಯುಂಟು.

"ಹಾಗಾದರೆ ನಿನ್ನ ಪಾಠವನ್ನು ಪೂರ್ತಿಯಾಗಿ ಕೇಳಿದವರು ಯಾರೂ ಇಲ್ಲವೆ ಅಮ್ಮ?" ಎಂದು ಕೇಳಿದೆವು.

"ಒಬ್ಬರಿದ್ದಾರೆ" ಎಂದಳು. ಕೋಟೆಯ ಕಡೆಯ ಒಬ್ಬ ಮುದುಕಿ, ಕಾಶಿಗೆ ಹೊರಟವಳು. ದೇವಸ್ಥಾನಕ್ಕೆ ಹೋದಂತೆ ಚಪ್ಪಲಿಯನ್ನು ವಿಮಾನದ ಬಾಗಿಲಿನ ಹೊರಗೆ ಬಿಟ್ಟು ಒಳಗೆ ಬಂದಿದ್ದಳು. ಸುತ್ತಲಿನವರು ನಕ್ಕರು, ಈಕೆ ಹೋಗಿ ಎತ್ತಿತಂದು ಕಾಲ ಬಳಿ ಇಟ್ಟಳು. "ಎಂಗೆ ಗೊತ್ತಾಗ್ಬೇಕವ್ವ, ಒಳೀಕೆ ತರ್ಬವ್ದು ಅಂತ ಯಾರೂ ಹೇಳ್ನಿಲ್ವಲ್ಲ" ಎಂದು ಮುದುಕಿಯೂ ನಕ್ಕಳು. ಪಾಠ ಮೊದಲಾಯಿತು. ಓದಿದವರೆಲ್ಲರೂ ಮೊಬೈಲನ್ನು ನೋಡುತ್ತಿದ್ದರು. ಮುದುಕಿಯೊಬ್ಬಳು ಮಾತ್ರ ಬಾಯಿ ತೆರೆದುಕೊಂಡು, ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಕೈಯೆತ್ತಿ, "ಮಗಾ, ಆ ಕೊಂಡಿ ಬಿಚ್ಚೋದು ನಂಗೆ ಸರ್ಯಾಗಿ ತಿಳೀನಿಲ್ಲ. ಇನ್ನೊಂದ್ಸಲ ತೋರ್ಸವ್ವ" ಎಂದಳು. ಈಕೆ ಪಕ್ಕದಲ್ಲಿ ಕುಳಿತು ತೋರಿಸಿದಳು. ಮುದುಕಿ ಮೂರು ಸಾರಿ ತಾನೇ ಕಟ್ಟಿ ಬಿಚ್ಚಿ ನೋಡಿ, ಸೆರಗಿನ ಗಂಟಿನಿಂದ ಒಂದು ರಸಬಾಳೆಹಣ್ಣನ್ನು ತೆಗೆದು ಈಕೆಯ ಕೈಯಲ್ಲಿಟ್ಟಳಂತೆ. "ಅಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಗುರುದಕ್ಷಿಣೆ ಅದೊಂದೇ ಮೇಷ್ಟ್ರೇ" ಎಂದು ನಮ್ಮ ಶಿಷ್ಯೆ ಹೇಳುವಾಗ ಆಕೆಯ ಕಣ್ಣು ತೇವವಾಗಿತ್ತು. ನಮ್ಮ ಪಟ್ಟಿಯ ಕಥೆಯನ್ನು ಕೇಳಿದ ಮೇಲೆಯೇ ಆಕೆ ಇದನ್ನು ಹೇಳಿದ್ದು ಏಕೆಂದು ನಮಗೆ ತಿಳಿಯದೆ ಹೋಗಲಿಲ್ಲ.

ಆಕೆ ಹೋದ ಮೇಲೆ ನಮ್ಮ ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ನೆನಪಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯನ್ನು ಬಿಡಬೇಕಾಗಿ ಬಂದ ಆ ಜನರು ಗಿಡಮೂಲಿಕೆಯ ಎಣ್ಣೆ ಮುಂತಾದುವನ್ನು ಮಾರುತ್ತ ಆಫ್ರಿಕದ ದೇಶಗಳವರೆಗೂ ವಿಮಾನದಲ್ಲಿ ಹೋಗಿಬರುವರು. ಅವರಲ್ಲಿ ಎಷ್ಟೋ ಜನರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ. ೨೦೨೩ರ ಏಪ್ರಿಲ್ ತಿಂಗಳಿನಲ್ಲಿ ಸೂಡಾನಿನಲ್ಲಿ ಕಾಳಗ ಹೊತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡನಾಡಿನವರಲ್ಲಿ ಇವರೂ ಇದ್ದರು. ಅನ್ನನೀರಿನ ತೊಂದರೆಯಲ್ಲಿದ್ದರೂ ಸುಮ್ಮನೆ ಕೂರದೆ, ತಾವಿರುವ ಸ್ಥಿತಿಯನ್ನು ಊರಿಗೂ ಸರ್ಕಾರಕ್ಕೂ ಮುಟ್ಟಿಸಿ ಸಹಾಯ ಕೇಳಿದರು. ಭಾರತ ಸರ್ಕಾರವು 'ಆಪರೇಷನ್ ಕಾವೇರಿ' ಎಂಬ ಹೆಸರಿನಿಂದ ಹಡಗು ವಿಮಾನಗಳನ್ನು ಕಳುಹಿಸಿ ಅಲ್ಲಿದ್ದ ಭಾರತೀಯರನ್ನು ಕರೆತಂದಿತು. ತಿಳಿಯದ ದೇಶದಲ್ಲಿ ತಿಳಿಯದ ಭಾಷೆಯ ನಡುವೆ ಬಾಯಿಬಿಟ್ಟು ಕೇಳುವ ಧೈರ್ಯ ಅವರಿಗುಂಟು. ಪದವಿಯನ್ನು ಪಡೆದ ನಮಗೆ ಸೊಂಟದ ಪಟ್ಟಿಯನ್ನು ಬಿಚ್ಚಿಸಿಕೊಳ್ಳುವುದಕ್ಕೂ ಆ ಧೈರ್ಯ ಸಾಲಲಿಲ್ಲ. ತರಗತಿಯಲ್ಲಿ, "ತಿಳಿಯದಿದ್ದರೆ ಕೇಳಿರೋ" ಎಂದು ಮೂವತ್ತು ವರ್ಷ ಕೂಗಿದವರು ನಾವು!

ಮುಂದಿನ ತಿಂಗಳು ನಾವೂ ಮನೆಯವರೂ ಮತ್ತೆ ದೆಹಲಿಗೆ ಹೊರಡುವವರಿದ್ದೇವೆ. ಕಿಟಕಿಯ ಸೀಟನ್ನು ಮನೆಯವರಿಗೆ ಬಿಟ್ಟುಕೊಡುವುದೆಂದು ನಿಶ್ಚಯಿಸಿದ್ದೇವೆ. ಪುಷ್ಪಕದ ವಿಚಾರವು ವಿಮಾನ ಮೇಲೇರಿದ ಮೇಲೂ ಆದೀತು. ಸಖಿಯು ನಡುದಾರಿಯಲ್ಲಿ ಬಂದು ನಿಂತೊಡನೆ, ಮುಂದಿನ ಬೆಂಚಿನ ವಿದ್ಯಾರ್ಥಿಯಂತೆ ನೆಟ್ಟಗೆ ಕುಳಿತು, ಆದ್ಯಂತವಾಗಿ ಪಾಠವನ್ನು ಕೇಳುವೆವು. ಸಂಶಯ ಬಂದರೆ ಕೈಯೆತ್ತುವೆವು. ಕೈಚೀಲದಲ್ಲಿ ಎರಡು ರಸಬಾಳೆಹಣ್ಣುಗಳನ್ನು ಇಟ್ಟುಕೊಳ್ಳಬೇಕೆಂದು ಮನೆಯವರು ಈಗಾಗಲೇ ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ.